ಜೆಟ್ ಬೋಟಿನ ಹೊಟ್ಟೆಯಲ್ಲಿ ದಾಮೂಬಾನ ಹಗ್ಗ

ಸೊಲ್ಲಾಪುರದ ಆಚೆ

ನಮ್ಮ ಅಮ್ಮಿಯ ಭೂಗೋಳದಲ್ಲಿ ಸೊಲ್ಲಾಪುರ ದಾಟಿದರೆ ಪರದೇಶ. ಮುಂಬೈ, ಮಸ್ಕತ್ತು, ಲಂಡನ್ನು ಎಲ್ಲವೂ ಅವಳ ಪಾಲಿಗೆ ಒಂದೇ ಸಾಲಿನ ಅಂಗಡಿಗಳು. ಹಾಗಾಗಿ ನಾನು ರೈಲು ಹತ್ತುವ ವಾರ ಮೊದಲೇ "ಜಾವೀದ ಫಾರಿನ್ನಿಗೆ ಹೊಂಟಾನ" ಎಂಬ ಸುದ್ದಿ ಬೆಟಗೇರಿಯ ನಮ್ಮ ಓಣಿಯ ಕೊನೆಯ ಮನೆ ಮುಟ್ಟಿ, ಅಲ್ಲಿಂದ ತಿರುಗಿ ನಮ್ಮ ಮನೆಗೇ ಬಂತು. ಅಮ್ಮಿ ಅದನ್ನು ಹೊಸ ಸುದ್ದಿಯೆಂಬಂತೆ ಬೆರಗಾಗಿ ಕೇಳಿಸಿಕೊಂಡಳು.

ಪಾಸ್‌ಪೋರ್ಟಿಲ್ಲದ ಈ ಪರದೇಶ ಪ್ರವಾಸಕ್ಕೆ ಕಾರಣ, ಅಂಧೇರಿಯ ಕನ್ನಡಿಗರ ಒಂದು ಕೂಟ ನನ್ನನ್ನು ಮಿಮಿಕ್ರಿಗೆ ಕರೆದದ್ದು. ನನ್ನ ಕಸುಬು ದೊಡ್ಡದೇನಲ್ಲ. ಕಂಡವರ ಧ್ವನಿ ಕದ್ದು, ಅದನ್ನು ಅವರ ಎಲೆಗೇ ಬಡಿಸುವುದು. ಬಸ್ ಕಂಡಕ್ಟರು, ಹಲ್ಲು ಕೀಳುವ ಡಾಕ್ಟರು, ಮದುವೆಯಲ್ಲಿ ಮೈಕು ತಟ್ಟಿ ನೋಡುವವನು, ರೇಷನ್ ಸಾಲಿನಲ್ಲಿ ಕೆಮ್ಮುತ್ತ ಮುಂದೆ ನುಗ್ಗುವ ಹಿರಿಯರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗಿದ್ದಾರೆ. ಮಾಲೀಕನಿಗೇ ಅಲ್ಲಿ ಜಾಗ ಕಮ್ಮಿ. ನನ್ನ ಸ್ವಂತ ಧ್ವನಿಯನ್ನು ಒಮ್ಮೆ ಮೊಬೈಲಿನಲ್ಲಿ ಕೇಳಿದ್ದೆ. ಬಾವಿಗೆ ಬಿದ್ದ ಆಡಿನ ಮರಿ ಪೊಲೀಸರಿಗೆ ದೂರು ಕೊಡುತ್ತಿರುವಂತಿತ್ತು.

ಘಾಟಿಯ ಮಂಜಿನಲ್ಲಿ ಎಚ್ಚರವಾದಾಗ ರೈಲು ನೆಲ ಬಿಟ್ಟು ಮೋಡದ ಮೇಲೆ ಹೋಗುತ್ತಿದೆ ಅನ್ನಿಸಿತು. ಕಿಟಕಿಯಾಚೆ ಮರ ಕಾಣದು, ಗುಡ್ಡ ಕಾಣದು, ಬರೀ ಬಿಳಿ. ಎದುರಿನ ಬರ್ತಿನ ಗೃಹಸ್ಥ ಗೊರಕೆ ಹೊಡೆಯುತ್ತಿದ್ದ. ಅಭ್ಯಾಸ ತಪ್ಪಬಾರದೆಂದು ನಾನೂ ಅದೇ ಶ್ರುತಿಯಲ್ಲಿ ಒಂದು ಗೊರಕೆ ಬಿಟ್ಟೆ. ಅವನು ಕಣ್ಣು ಮುಚ್ಚಿಯೇ "ಸರಕೊಂಡು ಮಲಗೇ" ಅಂದ. ಯಾರಿಗೆ ಅಂದನೋ, ಆ ಪುಣ್ಯವತಿ ಮನೆಯಲ್ಲಿ ಸುಖವಾಗಿದ್ದಾಳೆ ಎಂದುಕೊಂಡು ಸರಿದು ಮಲಗಿದೆ.

ದಾದರ್

ದಾದರಿನ ಸೇತುವೆಯ ಮೇಲೆ ನಾನು ನಡೆಯಲಿಲ್ಲ. ಜನ ನನ್ನನ್ನು ನಡೆಸಿದರು. ಮುಂದಿನವನ ಬೆನ್ನು, ಹಿಂದಿನವನ ಹೊಟ್ಟೆ, ನಡುವೆ ನಾನು, ನನ್ನ ತೋಳುಗಳ ನಡುವೆ ಅಮ್ಮಿ ಕಟ್ಟಿಕೊಟ್ಟ ಶೇಂಗಾ ಹೋಳಿಗೆಯ ಡಬ್ಬಿ. ನಮ್ಮೂರಲ್ಲಿ ಯಾರಾದರೂ ಕಾಲು ತುಳಿದರೆ ಅವರ ಅಜ್ಜನಿಂದ ಶುರುವಾಗುವ ದೊಡ್ಡ ಮಾತುಕತೆಯೇ ನಡೆಯುತ್ತದೆ. ಇಲ್ಲಿ ನನ್ನ ಕಾಲು ತುಳಿದವನು ಮುಖ ಕೂಡ ನೋಡದೆ ಹೆಗಲನ್ನೊಮ್ಮೆ ಮೆತ್ತಗೆ ತಟ್ಟಿ ಹೋದ. ಕ್ಷಮೆ, ಸಾಂತ್ವನ, ವಿದಾಯ ಮೂರೂ ಆ ಒಂದು ತಟ್ಟಿನಲ್ಲೇ ಮುಗಿದವು.

ಕೆಳಗೆ ಪ್ಲಾಟ್‌ಫಾರ್ಮಿನಲ್ಲಿ ಕಾಣದ ಹೆಂಗಸೊಬ್ಬಳು ಸ್ಪೀಕರಿನಲ್ಲಿ ಲೋಕಲ್ ಬರುವ ಹೋಗುವ ಸುದ್ದಿ ಹೇಳುತ್ತಿದ್ದಳು. ಒಂದು ಚೂರೂ ಏರಿಳಿತವಿಲ್ಲ. ನನಗೆ ನಾಲಗೆ ತುರಿಸಿತು. ಕಂಬದ ಮರೆಯಲ್ಲಿ ನಿಂತು ಅವಳ ಧ್ವನಿಯಲ್ಲೇ ಒಂದು ಲೋಕಲನ್ನು ಆಚೆ ಪ್ಲಾಟ್‌ಫಾರ್ಮಿಗೆ ಕಳಿಸಿದೆ. ಹತ್ತಿರದಲ್ಲಿದ್ದ ಟೈ ಕಟ್ಟಿದ ಮನುಷ್ಯನೊಬ್ಬ ಸೇತುವೆಯ ಕಡೆಗೆ ಓಟ ಕಿತ್ತ. ಅಷ್ಟರಲ್ಲಿ ನನ್ನ ಕಿವಿಯನ್ನು ಯಾರೋ ಹಿಡಿದರು. ಬಾಬಾಜಾನ್ ಮಾಮು, ನಮ್ಮ ಅಮ್ಮಿಯ ತಮ್ಮ.

"ಏನಲೇ ಶೈತಾನ್, ಇಳಿದು ಐದು ಮಿನಿಟ್ ಆಗಿಲ್ಲ."

"ತಮಾಷೆ ಮಾಮು."

"ಇಲ್ಲಿ ಮಂದಿ ಮುಖ ನೋಡಂಗಿಲ್ಲ. ಧ್ವನಿ ನಂಬಿ ಓಡ್ತಾರ. ಹೋಗು, ಅವನ್ನ ಕರಕೊಂಡ್ ಬಾ."

ಓಡಿ ಹೋಗಿ ಆ ಟೈ ಮನುಷ್ಯನನ್ನು ವಾಪಸ್ ಕರೆದೆ. ಅವನು ನನಗೆ ಥ್ಯಾಂಕ್ಸ್ ಹೇಳಿದ. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಆಂಟಾಪ್ ಹಿಲ್

ಮಾಮು ಇರುವುದು ಆಂಟಾಪ್ ಹಿಲ್‌ನ ಒಂದು ಕಾಲನಿಯಲ್ಲಿ, ಮೂರನೇ ಮಾಳಿಗೆಯ ಒಂದೂವರೆ ಕೋಣೆಯಲ್ಲಿ. ಆ ಅರ್ಧ ಕೋಣೆ ಯಾವುದೆಂದು ಕೊನೆಗೂ ನನಗೆ ಗೊತ್ತಾಗಲಿಲ್ಲ. ಮೆಟ್ಟಿಲು ಹತ್ತುವಾಗ ಮೊದಲ ಮಾಳಿಗೆಯಲ್ಲಿ ತಮಿಳು ಒಗ್ಗರಣೆ, ಎರಡನೆಯದರಲ್ಲಿ ತುಳು ಬೈಗುಳ, ಮೂರನೆಯದರಲ್ಲಿ ನಮ್ಮ ಕಡೆಯ ಜೋಳದ ರೊಟ್ಟಿ ತಟ್ಟುವ ಸದ್ದು. ಪಕ್ಕದ ಮನೆಯ ಕಾಲೇಜು ಹುಡುಗಿಗೆ ನಾನು ಕನ್ನಡದಲ್ಲಿ ನಾಲ್ಕು ಮಾತಾಡಿದೆ. ಅವಳು ಎಲ್ಲವನ್ನೂ ಗಮನವಿಟ್ಟು ಕೇಳಿ, "ಸಬ್ ಸಮಝಾ, ಆದ್ರೆ ರಿಪ್ಲೈ ಕರನೇ ಮೇ ಟೈಮ್ ಲಗೇಗಾ" ಅಂದಳು. ಮೂರು ದಿನ ಇದ್ದೆ. ಆ ಉತ್ತರ ಇನ್ನೂ ಬರಬೇಕಾಗಿದೆ.

ಮಾಮು ಮೊದಲು ಬೆಟಗೇರಿಯಲ್ಲಿ ಮಗ್ಗದ ಮನೆಗಳಿಗೆ ಹೋಗುತ್ತಿದ್ದ. ನೂಲು ಸಿಕ್ಕಾದರೆ ಬಿಡಿಸುವುದು ಅವನ ಕೆಲಸ. ಬೇರೆಯವರು ಹಲ್ಲು ಕಚ್ಚಿ ಕತ್ತರಿ ತರುವಾಗ ಇವನು ಆ ಗಂಟನ್ನು ತೊಡೆಯ ಮೇಲಿಟ್ಟುಕೊಂಡು, ಕಣ್ಣು ಮುಚ್ಚಿ, ಬೆರಳ ತುದಿಯಲ್ಲಿ ಮಗುವಿನ ತಲೆಯಲ್ಲಿ ಹೇನು ನೋಡುವಂತೆ ನೋಡುತ್ತಿದ್ದನಂತೆ. ಈಗ ಹದಿನೆಂಟು ವರ್ಷದಿಂದ ಮುಂಬೈಯಲ್ಲಿ ಬೋಟುಗಳ ಮೆಕ್ಯಾನಿಕ್. ಸಮುದ್ರದ ಮೇಲೆ ಕೆಲಸ ಮಾಡುವವನಿಗೆ ಈಜು ಬರುವುದಿಲ್ಲ. ಕೇಳಿದರೆ, "ಬೋಟು ರಿಪೇರಿ ಮಾಡಾಂವ ನಾ, ಮೀನ ಅಲ್ಲ" ಅನ್ನುತ್ತಾನೆ.

ಮರುದಿನ ಬೆಳಿಗ್ಗೆ ನಾವು ಚಹಾ ಕುಡಿಯುವಾಗ ಅವನಿಗೆ ಫೋನು ಬಂತು. ಫೋನಿನಾಚೆ ಶೇಖರಣ್ಣ. ಉಡುಪಿ ಕಡೆಯವನು, ಅಂಧೇರಿಯಲ್ಲಿ ಹೋಟೆಲು ಇಟ್ಟವನು. ಇಡ್ಲಿಯಿಂದ ಬೇಸತ್ತು ಇತ್ತೀಚೆಗೆ ಜನರನ್ನು ನೀರ ಮೇಲೆ ಗಿರ್ರನೆ ತಿರುಗಿಸುವ ಜೆಟ್ ಬೋಟು ಕೊಂಡಿದ್ದ. ಮಾಮು ಫೋನನ್ನು ಕಿವಿಯಿಂದ ಗೇಣು ದೂರ ಹಿಡಿದಿದ್ದರೂ ಕೋಣೆಗೆಲ್ಲ ಕೇಳುತ್ತಿತ್ತು.

"ಬಾಬಾಜಾನ್, ಬೋಟು ನಡುನೀರಲ್ಲಿ ನಿಂತಿದೆ ಮಾರಾಯ. ಡ್ರೈವರ್ ಪಾಂಡು ಟ್ರಯಲ್‌ಗೆ ತಗೊಂಡು ಹೋದದ್ದು. ಯಾವುದೋ ಹಗ್ಗ ನುಂಗಿದೆ. ಎಂಥ ಬೋಟಾ ಇದು, ಸಿಕ್ಕಿದ್ದೆಲ್ಲ ತಿಂತದೆ."

ಫೋನು ಇಟ್ಟ ಕೂಡಲೇ ನಾನು ಅದೇ ಧ್ವನಿಯಲ್ಲಿ, "ಎಂಥ ಬೋಟಾ ಇದು ಮಾರಾಯ, ಒಂದು ಪ್ಲೇಟ್ ಉಪ್ಪಿಟ್ಟು ಕೊಟ್ಟು ನೋಡುವ" ಅಂದೆ. ಮಾಮುವಿನ ಬಾಯಿಯ ಚಹಾ ಗೋಡೆಗೆ ಹೋಯಿತು. ನನ್ನ ಮಿಮಿಕ್ರಿ ಇದ್ದದ್ದು ಮಾರನೆಯ ದಿನ, ನನಗೂ ಸಮುದ್ರ ತೋರಿಸುವುದಿತ್ತಲ್ಲ. ಜೊತೆಗೆ ಕರೆದುಕೊಂಡ.

ಧಕ್ಕೆ

ಪೂರ್ವ ದಂಡೆಯಲ್ಲಿ ದೋಣಿಗಳು ತಂಗುವ ಧಕ್ಕೆಯ ಮೇಲೆ ಶೇಖರಣ್ಣ ಬಿಳಿ ಶರ್ಟು, ಬಿಳಿ ಪ್ಯಾಂಟು, ಬಿಳಿ ಬೂಟಿನಲ್ಲಿ ಬೇಯಿಸಿದ ಮೊಟ್ಟೆಯ ಹಾಗೆ ನಿಂತಿದ್ದ. ಅವನೆದುರು ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿದ, ಒಣಗಿ ಗಟ್ಟಿಯಾದ ಮುದುಕನೊಬ್ಬ ಕೈಕಟ್ಟಿ ಕೂತಿದ್ದ. ಅವನು ದಾಮೂಬಾ, ಅಲ್ಲಿಯ ಕೋಲಿ ಜನಾಂಗದ ಮೀನುಗಾರ. ಶೇಖರಣ್ಣ ಕೂಗುತ್ತಿದ್ದ, ದಾಮೂಬಾ ಸುಮ್ಮನಿದ್ದ. ಆದರೂ ಸೋಲುತ್ತಿದ್ದವನು ಶೇಖರಣ್ಣನೇ ಎಂಬುದು ದೂರದಿಂದಲೇ ತಿಳಿಯುತ್ತಿತ್ತು.

ಜಗಳದ ತಿರುಳು ಇಷ್ಟು. ಬೋಟು ನುಂಗಿದ್ದು ದಾಮೂಬಾನ ಹಗ್ಗ. ಹಗ್ಗದ ಕೆಳತುದಿಗೆ, ನೀರಿನ ತಳದಲ್ಲಿ, ಅವನ ಬಲೆ. ಮಳೆಗಾಲದ ಎರಡೂವರೆ ತಿಂಗಳು ದೋಣಿ ಇಳಿಸದೆ ಮನೆಯಲ್ಲಿ ಕೂತು ಗಂಡ ಹೆಂಡತಿ ಕೈಯಾರೆ ಹೆಣೆದ ಹೊಸ ಬಲೆ. ಹಗ್ಗದ ಮೇಲ್ತುದಿಗೆ ಕಟ್ಟಿದ ಡಬ್ಬಿ ತೇಲುತ್ತಿದ್ದರೆ ಅದೇ ಗುರುತು. ಹಗ್ಗ ಕತ್ತರಿಸಿದರೆ ಗುರುತಿಲ್ಲ, ಗುರುತಿಲ್ಲದಿದ್ದರೆ ಆ ಕೆಸರುನೀರಿನಲ್ಲಿ ಬಲೆಯೂ ಇಲ್ಲ. ಅಂದು ಅಮಾವಾಸ್ಯೆ. ಮಧ್ಯಾಹ್ನದ ಹೊತ್ತಿಗೆ ಏರುವ ನೀರು ನಿಂತು, ಆಮೇಲೆ ಜೋರಾಗಿ ಇಳಿಯಲು ಶುರುವಾಗುತ್ತದೆ. ಅಷ್ಟರೊಳಗೆ ಹಗ್ಗ ಬಿಡಿಸದಿದ್ದರೆ ನೀರಿನ ಎಳೆತಕ್ಕೆ ಬೋಟು ತಿರುಗಿ, ಬಲೆಯನ್ನು ಬುಡಸಮೇತ ಕಿತ್ತು ಹರಿಯುತ್ತದೆ.

"ಕತ್ತರಿಸಿ ಬಿಸಾಡಿದ್ರೆ ಹತ್ತು ನಿಮಿಷದ ಕೆಲಸ ಅಲ್ವಾ," ಅಂದ ಶೇಖರಣ್ಣ. "ಮೂರು ಗಂಟೆಗೆ ಒಂದು ಫ್ಯಾಮಿಲಿ ಬರ್ಲಿಕ್ಕುಂಟು. ಅಜ್ಜನ ಎಂಬತ್ತನೇ ಹುಟ್ಟುಹಬ್ಬ. ಅಜ್ಜನಿಗೆ ಸ್ಪೀಡ್ ಬೇಕಂತೆ."

"ಹಗ್ಗ ನಿಂದಲ್ಲ ಶೇಖರಣ್ಣ," ಅಂದ ಮಾಮು.

"ಬೋಟು ನಂದಲ್ವಾ?"

"ಬೋಟು ನಿಂದು. ಹಗ್ಗ ಏನ್ ತಾನಾಗಿ ಎದ್ದು ಬಂದು ನಿನ್ನ ಬೋಟಿನ ಬಾಯಾಗ ಹೋತೇನು?"

ಮಾಮು ದಾಮೂಬಾನ ಮುಂದೆ ಕುಕ್ಕರಗಾಲಲ್ಲಿ ಕೂತು ಹಿಂದಿಯಲ್ಲಿ ಹೇಳಿದ. "ಪಹಲೇ ರಸ್ಸೀ ತುಮ್ಹಾರೇ ಹಾಥ್ ಮೇ. ಬಾದ್ ಮೇ ಚಾಕೂ. ಜಬಾನ್ ದಿಯಾ." ಮೊದಲು ಹಗ್ಗ ಅವನ ಕೈಗೆ, ಆಮೇಲೆ ಚಾಕು ಎಂದು ಮಾತು ಕೊಟ್ಟಂತಾಯಿತು.

ದಾಮೂಬಾ ಮಾಮುವಿನ ಮುಖ ನೋಡಲಿಲ್ಲ, ಕೈ ನೋಡಿದ. ಎದ್ದು ತನ್ನ ದೋಣಿಯ ಕಡೆ ನಡೆದ. ತನ್ನ ಬಲೆಗೆ ಗಂಟುಬಿದ್ದ ಬೋಟಿನತ್ತ ನಮ್ಮನ್ನು ತಾನೇ ಹುಟ್ಟು ಹಾಕಿ ಕರೆದೊಯ್ದ.

ನೀರ ನಡುವೆ

ಸಮುದ್ರ ಅಂದರೆ ನೀಲಿ ಎಂದುಕೊಂಡಿದ್ದೆ. ಇದು ನಮ್ಮೂರ ಮಿರ್ಚಿ ಅಂಗಡಿಯ ಚಹಾದ ಬಣ್ಣ. ಆದರೆ ದಂಡೆ ದೂರವಾದಂತೆ ಆ ಬಣ್ಣವೂ ಕರಗಿ, ನೀರಿಗೂ ಆಕಾಶಕ್ಕೂ ನಡುವಿನ ಗೆರೆ ಅಳಿಸಿಹೋಯಿತು. ಎತ್ತರದ ಕಟ್ಟಡಗಳು ಬುಡವಿಲ್ಲದೆ ಮಬ್ಬಿನಲ್ಲಿ ತೇಲುತ್ತಿದ್ದವು. ಉದ್ದನೆಯ ಸೇತುವೆಯೊಂದು ಎಲ್ಲಿಂದಲೋ ಹೊರಟು ಏನೂ ಇಲ್ಲದ ಕಡೆಗೆ ಹೋಗುತ್ತಿತ್ತು. ದಾದರಿನಲ್ಲಿ ನನ್ನನ್ನು ತಳ್ಳಿದ ಅಷ್ಟೂ ಜನ ಆ ಮಬ್ಬಿನೊಳಗೆ ಇದ್ದಾರೆ, ಒಬ್ಬರ ಸದ್ದೂ ಇಲ್ಲಿಗೆ ಬರುವುದಿಲ್ಲ ಎಂದರೆ ನಂಬಿಕೆಯಾಗಲಿಲ್ಲ. ಹುಟ್ಟು ನೀರಿಗೆ ಬೀಳುವ ಸದ್ದು, ದಾಮೂಬಾನ ಉಸಿರು, ಅಷ್ಟೇ. ನಾನೂ ಸುಮ್ಮನಾದೆ. ನಮ್ಮ ಮನೆಯವರು ನೋಡಿದ್ದರೆ ಡಾಕ್ಟರಿಗೆ ಹೇಳಿಕಳಿಸುತ್ತಿದ್ದರು.

ಕೆಂಪು ಬಣ್ಣದ ಜೆಟ್ ಬೋಟಿನಲ್ಲಿ ಪಾಂಡು ಕಾಯುತ್ತಿದ್ದ. ಸೊಲ್ಲಾಪುರದವನು, ಐವತ್ತು ದಾಟಿದ ಚಾಲಕ, ಅರ್ಧ ಕನ್ನಡ ಅರ್ಧ ಮರಾಠಿ. "ಕಾಯ್ ಕರೂ ಬಾಬಾಜಾನ್, ಡಬ್ಬಿ ನನಗ ಕಾಣಲೇ ಇಲ್ಲ" ಎಂದು ಅವನು ಹತ್ತು ಸಲ ಹೇಳಿದ. ಹತ್ತು ಸಲವೂ ದಾಮೂಬಾನ ಕಡೆ ನೋಡದೆ ಹೇಳಿದ.

ಮಾಮು ಮೊದಲು ಮಾಡಿದ ಕೆಲಸ, ಎಂಜಿನ್ನಿನ ಕೀಲಿ ತೆಗೆದು ತನ್ನ ಕಿಸೆಗೆ ಹಾಕಿ ಗುಂಡಿ ಹಾಕಿಕೊಂಡದ್ದು. ಎರಡನೆಯದು, ನನಗೂ ಪಾಂಡುವಿಗೂ ಒಂದು ಕಾನೂನು ಹೇಳಿದ್ದು.

"ಕೈ ಒಳಗಿದ್ದಾಂವಂದs ಮಾತು. ಒಳಗಿನ ಕೈ ನಂದು. ನಾ ಎಳಿ ಅಂದ್ರ ಎಳೀರಿ, ಬಿಡು ಅಂದ್ರ ಬಿಡ್ರಿ. ಯಾಕ ಅಂತ ಕೇಳಬ್ಯಾಡ್ರಿ, ತಿರುಗಿ ನೋಡಬ್ಯಾಡ್ರಿ. ಕೇಳೋ ಹೊತ್ತಿಗೆ ಬೆರಳ ಹೋಗಿರ್ತಾವ."

ಜೆಟ್ ಬೋಟಿಗೆ ಬೇರೆ ಬೋಟುಗಳ ಹಾಗೆ ಹೊರಗೆ ನೀರಲ್ಲಿ ತಿರುಗುವ ರೆಕ್ಕೆ ಇರುವುದಿಲ್ಲ. ಹೊಟ್ಟೆಯಡಿಯ ಜಾಲರಿ ಬಾಯಿಂದ ನೀರು ಹೀರಿ, ಒಳಗಿನ ಚಕ್ರದಿಂದ ಹಿಂದಕ್ಕೆ ಉಗುಳಿ, ಆ ಉಗುಳಿನ ಬಲದಲ್ಲೇ ಮುಂದೆ ಓಡುತ್ತದೆ. ನಮ್ಮ ಓಣಿಯಲ್ಲಿ ಎಲೆಯಡಿಕೆ ಹಾಕುವವರೆಲ್ಲ ಈ ತತ್ವದ ಮೇಲೆ ಗೋವಾ ಮುಟ್ಟಬೇಕಿತ್ತು. ನೀರಿನ ಜೊತೆ ಹಗ್ಗ ಹೋದರೆ ಅದು ಚಕ್ರದ ದಂಡಕ್ಕೆ ಸುತ್ತಿಕೊಳ್ಳುತ್ತದೆ. ಬೋಟಿನ ಹಿಂಭಾಗದಲ್ಲಿ ಒಂದು ಮುಚ್ಚಳವಿದೆ. ಅದನ್ನು ತೆಗೆದು ಭುಜದವರೆಗೆ ಕೈ ಇಳಿಸಿದರೆ ಆ ದಂಡ ಸಿಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಕೈಗೆ ಮಾತ್ರ.

ಮಾಮು ಟವೆಲ್ ಹಾಸಿ ಸಾಮಾನುಗಳನ್ನು ಹೆಣ್ಣು ನೋಡಲು ಬಂದವರ ಮುಂದೆ ಫಲಹಾರ ಇಟ್ಟಂತೆ ಸಾಲಾಗಿ ಇಟ್ಟ. ಉಳಿ, ಸುತ್ತಿಗೆ, ಇಕ್ಕಳ, ಗ್ಯಾಸ್ ಟಾರ್ಚು, ಮೊನೆಯಾದ ಕಬ್ಬಿಣದ ಕಡ್ಡಿ, ಗಿಳಿಯ ಕೊಕ್ಕಿನಂತೆ ಬಾಗಿದ ಚಾಕು, ಗರಗಸದ ಬ್ಲೇಡು, ಜೊತೆಗೆ ಶೇಖರಣ್ಣನ ಹೋಟೆಲಿನಿಂದ ಎಂದೋ ಎತ್ತಿ ತಂದ ಬ್ರೆಡ್ಡು ಕೊಯ್ಯುವ ಹಲ್ಲಿನ ಚಾಕು. ಆರಿಸುವ ಹಕ್ಕು ನನಗೂ ಇದೆಯೆಂದು ನಾನು ಗ್ಯಾಸ್ ಟಾರ್ಚು ಎತ್ತಿದೆ.

"ಸುಟ್ಟು ಬಿಡೂಣ ಮಾಮು. ನೈಲಾನ್ ಕರಗತೈತಿ."

"ಒಳಗ ಪೆಟ್ರೋಲಿನ ಹೊಗಿ ಐತಿ. ನಾಲ್ಕೂ ಮಂದಿ ಸೀದಾ ಜನ್ನತ್‌ಗೆ. ನೀ ಅಲ್ಲೂ ದ್ವಾರಪಾಲಕಂದ ಮಿಮಿಕ್ರಿ ಮಾಡಿ ನಮ್ಮನ್ನ ಹೊರಗ ಹಾಕಸ್ತಿ."

ಉಳಿ ಎತ್ತಿದೆ. ಉಳಿ ಬಡಿದರೆ ಚಕ್ರದ ರೆಕ್ಕೆಗೆ ಕಚ್ಚು ಬೀಳುತ್ತದಂತೆ, ಕಚ್ಚು ಬಿದ್ದ ಚಕ್ರ ಬದುಕಿರುವಷ್ಟು ದಿನ ನಡುಗುತ್ತದಂತೆ. ಇಕ್ಕಳದಿಂದ ಎಳೆದರೆ ಸುತ್ತು ಇನ್ನೂ ಬಿಗಿಯುತ್ತದೆ. ನಯವಾದ ಅಲುಗಿನ ಚಾಕು ಒದ್ದೆ ನೈಲಾನಿನ ಮೇಲೆ ಜಾರಿ ಬೆರಳನ್ನು ಹುಡುಕಿಕೊಂಡು ಬರುತ್ತದೆ. ಹಲ್ಲಿರುವ ಚಾಕು ಕಚ್ಚಿ ಹಿಡಿಯುತ್ತದೆ. ಬಾಗಿದ ಚಾಕುವಿನ ಮೊನೆ ತನ್ನ ಕಡೆಗೇ ಇರುವುದರಿಂದ ಒಳಗಿನ ರಬ್ಬರಿಗೆ ಚುಚ್ಚುವುದಿಲ್ಲ. ಮಾಮು ಎಲ್ಲ ಹೇಳಿ, ಕೊನೆಗೆ ಯಾವುದನ್ನೂ ಎತ್ತಿಕೊಳ್ಳದೆ ಬರಿಗೈ ಒಳಗೆ ಇಳಿಸಿದ.

"ಮೊದಲ ಬೆರಳ. ಬೆರಳ ಸೋತ ಮ್ಯಾಲ ಕಡ್ಡಿ. ಕಡ್ಡಿ ಸೋತ ಮ್ಯಾಲ ಕೊಕ್ಕಿನ ಚಾಕು. ಗರಗಸ ಎಲ್ಲಾರಗಿಂತ ಹಿಂದ."

ಹಾಗೆ ಶುರುವಾಯಿತು. ಮಾಮು ಬೋರಲಾಗಿ ಮಲಗಿ, ಕೆನ್ನೆಯನ್ನು ಮುಚ್ಚಳದ ಅಂಚಿಗೆ ಒತ್ತಿ, ಕಣ್ಣು ಮುಚ್ಚಿಕೊಂಡ. ಅವನ ಧ್ವನಿ ಆ ರಂಧ್ರದೊಳಗಿಂದ ಬಾವಿಯ ತಳದಿಂದ ಬಂದಂತೆ ಬರುತ್ತಿತ್ತು. "ಹ್ಞಾಂ ಪಾಂಡೂ, ಎಳಿ. ಹ್ಞಾಂ, ಬಿಡು." ಪಾಂಡು ಹಿಂಭಾಗದಲ್ಲಿ ನಮಗೆ ಬೆನ್ನು ಮಾಡಿ, ಬಿಡಿಸಿಕೊಂಡ ಹಗ್ಗವನ್ನು ಗೇಣು ಗೇಣಾಗಿ ಎಳೆಯುತ್ತಿದ್ದ. ದಾಮೂಬಾ ತನ್ನ ದೋಣಿಯಲ್ಲಿ ಕೂತು ನೀರನ್ನೇ ನೋಡುತ್ತಿದ್ದ.

ನನ್ನ ಪಾತ್ರ ಆಪರೇಷನ್ ಥಿಯೇಟರಿನ ನರ್ಸಿನದು. ಕೇಳಿದ್ದನ್ನು ಕೊಡುವುದು. ಪ್ರತಿಯೊಂದಕ್ಕೂ ದಾರವಿತ್ತು, ಕೊಡುವ ಮುನ್ನ ಅದನ್ನು ಮಾಮುವಿನ ಮಣಿಕಟ್ಟಿಗೆ ಸಿಕ್ಕಿಸಬೇಕು. "ಕಡ್ಡಿ" ಅಂದ. ನಾನು ದಾರ ಮರೆತು ಸ್ಟೈಲಾಗಿ ಚಾಚಿದೆ. ಕಡ್ಡಿ ಒಮ್ಮೆ ಹೊಳೆದು, ಬುಳುಕ್ ಎಂದು ಅರಬ್ಬೀ ಸಮುದ್ರ ಸೇರಿತು. ದಾಮೂಬಾ ಸೊಂಟದಿಂದ ಬಲೆ ಹೆಣೆಯುವ ಮರದ ಸೂಜಿ ತೆಗೆದು ನನ್ನತ್ತ ಚಾಚಿದ. ಅಂಗೈಯುದ್ದದ, ತಿಕ್ಕಿ ತಿಕ್ಕಿ ಎಲುಬಿನಷ್ಟು ನುಣುಪಾದ ಸೂಜಿ. ಈ ಸಲ ದಾರ ಕಟ್ಟಿಯೇ ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಬಾವಿಯಿಂದ ಧ್ವನಿ ಬಂತು. "ಕಬ್ಬಿಣಕ್ಕಿಂತ ಇದs ಛಲೋ. ಕೆರೆಯಂಗಿಲ್ಲ, ಮೆತ್ತಗ ಸುತ್ತಿನೊಳಗ ಹೊಗತೈತಿ."

ಇನ್ನೂ ನೀರ ನಡುವೆ

ಎಷ್ಟು ಹೊತ್ತಾಯಿತೋ. ಬಿಸಿಲಿಗೆ ಮಬ್ಬು ತಿಳಿಯಾಗುವ ಬದಲು ಇನ್ನೂ ಬೆಳ್ಳಗಾಯಿತು. ಬೋಟು ತೊಟ್ಟಿಲಿನಂತೆ ತೂಗುತ್ತಿತ್ತು. ಗುಲಾಬಿ ಬಣ್ಣದ ಹಕ್ಕಿಗಳ ಒಂದು ಸಾಲು ಸದ್ದಿಲ್ಲದೆ ತಲೆಯ ಮೇಲೆ ಹಾದುಹೋಯಿತು. ಅವು ಹೋದ ಮೇಲೂ ಆ ಬಣ್ಣ ಆಕಾಶದಲ್ಲಿ ಸ್ವಲ್ಪ ಹೊತ್ತು ಉಳಿದಿತ್ತು ಅಂತ ನನ್ನ ನೆನಪು. ಎಳಿ, ಬಿಡು, ಎಳಿ, ಬಿಡು. ಆ ಧ್ವನಿ ಕೇಳುತ್ತ ಕೇಳುತ್ತ ನಾನು ಅರೆನಿದ್ದೆಯಲ್ಲಿ ಬೆಟಗೇರಿಯ ಮಗ್ಗದ ಮನೆಯಲ್ಲಿದ್ದೆ. ಅಲ್ಲಿ ನೂಲಿನ ಬದಲು ನೀರನ್ನು ಹಾಸುಹೊಕ್ಕಾಗಿ ನೇಯುತ್ತಿದ್ದರು.

ಸುತ್ತುಗಳೆಲ್ಲ ಬಿಚ್ಚಿದವು. ಕೊನೆಯ ಮೂರು ಮಾತ್ರ ತಿಕ್ಕಾಟದ ಬಿಸಿಗೆ ಕರಗಿ ದಂಡಕ್ಕೆ ಅಂಟಿ ಕಲ್ಲಾಗಿದ್ದವು. ಅವನ್ನು ಗರಗಸದಿಂದಲೇ ತೆಗೆಯಬೇಕು, ಹಗ್ಗವನ್ನೂ ಒಂದು ಕಡೆ ಕೊಯ್ಯಲೇಬೇಕು. ಮಾಮು ದಾಮೂಬಾನಿಗೆ ತಿಳಿಸಿ ಹೇಳಿದ. ಪಾಂಡು ಕೊಕ್ಕೆಗೋಲಿನಿಂದ ಕೆಳಗಿನ ಹಗ್ಗವನ್ನು ಮೇಲೆತ್ತಿ ಹಿಡಿಯುವುದು, ದಾಮೂಬಾ ಅದನ್ನು ತನ್ನ ದೋಣಿಗೆ ಕಟ್ಟಿಕೊಳ್ಳುವುದು, ಕಟ್ಟಿದ್ದನ್ನು ಮಾಮು ಕಣ್ಣಾರೆ ನೋಡಿ ಹೇಳಿದ ಮೇಲೆ ಪಾಂಡು ಹಲ್ಲಿನ ಚಾಕುವಿನಿಂದ ಕೊಯ್ಯುವುದು. ದಾಮೂಬಾ ಒಮ್ಮೆ ತಲೆಯಾಡಿಸಿದ.

ಪಾಂಡು ಎಡಗೈಯಲ್ಲಿ ಹಗ್ಗ, ಬಲಗೈಯಲ್ಲಿ ಚಾಕು ಹಿಡಿದು ಬಗ್ಗಿ ನಿಂತ. ದಾಮೂಬಾ ದೋಣಿಯನ್ನು ಹತ್ತಿರ ತರುತ್ತಿದ್ದ. ಮೂರು ಮಾರು, ಎರಡು ಮಾರು. ಮಾಮು ಕೊನೆಯ ಸುತ್ತಿಗೆ ಸೂಜಿ ತೂರಿಸಲು ಮತ್ತೆ ತಲೆ ಒಳಗಿಟ್ಟಿದ್ದ. ಎಲ್ಲ ಎಷ್ಟು ಚೆಂದ ನಡೆದಿತ್ತೆಂದರೆ ನನಗೆ ಒಳಗೊಳಗೇ ಖುಷಿ ಉಕ್ಕಿತು. ಖುಷಿ ಉಕ್ಕಿದಾಗ ಬೇರೆಯವರು ಹಾಡುತ್ತಾರೆ. ನನ್ನ ಗಂಟಲಲ್ಲಿ ಬೆಳಗಿನಿಂದ ಒಬ್ಬ ಹೊಸ ಬಾಡಿಗೆದಾರ ಬಂದು ಕೂತಿದ್ದ. ಬಾವಿಯ ತಳದ ಆ ಧ್ವನಿ. ಪಾಂಡು ಬೆಚ್ಚಿ ತಿರುಗುತ್ತಾನೆ, ನಾನು ಹಲ್ಲು ಕಿರಿಯುತ್ತೇನೆ, ಎಲ್ಲರೂ ನಗುತ್ತೇವೆ. ಅಷ್ಟೇ ನನ್ನ ಲೆಕ್ಕಾಚಾರ.

"ಹ್ಞಾಂ ಪಾಂಡೂ, ಕೊಯ್" ಅಂದೆ.

ಪಾಂಡು ತಿರುಗಲಿಲ್ಲ. ತಿರುಗಬಾರದು ಎಂದೇ ಕಾನೂನಿತ್ತು. ಹಲ್ಲಿನ ಚಾಕು ಎರಡು ಸಲ ಆಡಿತು.

ಹಗ್ಗ ನೀರೊಳಗೆ ಇಳಿಯಿತು. ಗಡಿಬಿಡಿಯಿಲ್ಲದೆ, ಹಾವು ಬಿಲಕ್ಕೆ ಹೋಗುವಂತೆ. ದಾಮೂಬಾನ ಚಾಚಿದ ಕೈ ಹಾಗೆಯೇ ಇತ್ತು.

ಮಾಮು ಕೈ ಹೊರಗೆ ತೆಗೆದ. ಬಿಗಿದಿದ್ದ ಹಗ್ಗ ಒಮ್ಮೆಗೇ ಜಾರಿದ್ದಕ್ಕೆ ಎರಡು ಗೆಣ್ಣಿನ ಚರ್ಮ ಸುಲಿದು ರಕ್ತ ಬರುತ್ತಿತ್ತು.

"ಯಾರ್ ಹೇಳಿದ್ರು?"

"ನೀನs ಹೇಳಿದೆಲ್ಲಾ ಬಾಬಾಜಾನ್," ಅಂದ ಪಾಂಡು. ಅವನ ಮುಖ ಬಿಳಿಚಿತ್ತು. "ನಿನ್ನ ಧ್ವನಿ. ಶಪ್ಪಥ್."

"ನಾನು," ಅಂದೆ. ಆಡಿನ ಮರಿಯ ಆ ಧ್ವನಿಯಲ್ಲೇ ಅಂದೆ. ಬೇರೆ ಯಾವುದೂ ಬರಲಿಲ್ಲ.

ಮಾಮು ಬೈಯುತ್ತಾನೆಂದು ಕಾದೆ. ಅವನು ಕಿಸೆಯ ಗುಂಡಿ ಮುಟ್ಟಿ ನೋಡಿಕೊಂಡ. "ಕೀಲಿ ನನ್ನ ಕಡೆ ಇತ್ತು, ಛಲೋ ಆತು," ಅಂದ ಮೆತ್ತಗೆ. "ಇಲ್ಲಂದ್ರ ಚಾಲೂ ಮಾಡು ಅಂತಿದ್ದೆಲ್ಲ ನೀ."

ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಯಾಕೆಂದರೆ ಅನ್ನುತ್ತಿದ್ದೆನೋ ಏನೋ, ನನಗೇ ಗೊತ್ತಿಲ್ಲ.

ನಿಂತ ನೀರು

ದಾಮೂಬಾ ನಮ್ಮತ್ತ ನೋಡುತ್ತಿರಲಿಲ್ಲ. ಹಗ್ಗ ಕಡಿದ ಆ ಗಳಿಗೆಯಲ್ಲಿ ನಾವೆಲ್ಲ ನೀರು ನೋಡಿದ್ದೆವು, ಅವನು ತಲೆಯೆತ್ತಿ ದಂಡೆ ನೋಡಿದ್ದ. ಈಗಲೂ ಅತ್ತಲೇ ದಿಟ್ಟಿಸುತ್ತಿದ್ದ. ನಾನು ನನಗೆ ಬರುವ ಹಿಂದಿಯಲ್ಲಿ ತಪ್ಪಾಯಿತು ಎಂದು ಶುರುಮಾಡಿದೆ. ಅವನು ಕೈಯೆತ್ತಿ ತಡೆದ. "ಚುಪ್. ಭೂಲ್ ಜಾಯೇಗಾ." ಮಾತಾಡಿದರೆ ಜಾಗ ಮರೆತುಹೋಗುತ್ತದಂತೆ.

ಆಮೇಲೆ ಮಾಮು ವಿವರಿಸಿದ. ಇಲ್ಲಿಯವರು ನೀರಿನ ಮೇಲಿನ ಜಾಗವನ್ನು ದಂಡೆಯ ಮೇಲಿನ ಎರಡು ಜೋಡಿ ಗುರುತುಗಳಲ್ಲಿ ಹಿಡಿದಿಡುತ್ತಾರೆ. ಒಂದು ಕಡೆ ಸೇತುವೆಯ ಯಾವುದೋ ಕಂಬದ ಹಿಂದೆ ಹೊಗೆಕೊಳವೆ, ಇನ್ನೊಂದು ಕಡೆ ಎಣ್ಣೆಯ ಟಾಕಿಯ ಮೇಲೆ ಸರಿಯಾಗಿ ಗುಡ್ಡದ ತಗ್ಗು. ಎರಡೂ ಕೂಡುವ ಕಡೆ ಬಲೆ. ದೋಣಿ ಸರಿದರೆ ಗುರುತುಗಳೂ ಸರಿಯುತ್ತವೆ. ಆ ಮಬ್ಬಿನಲ್ಲಿ ನನಗೆ ಟಾಕಿಯೂ ಗುಡ್ಡವೂ ಒಂದೇ ಹೊಗೆಯಾಗಿ ಕಾಣುತ್ತಿದ್ದವು. ಅವನು ಅದನ್ನು ಗುಟುಕು ನೀರು ಬಾಯಲ್ಲಿಟ್ಟುಕೊಂಡವನಂತೆ ಕಣ್ಣಲ್ಲಿ ಹಿಡಿದು ಕೂತಿದ್ದ.

ಮಾಮು ಗರಗಸದ ಬ್ಲೇಡಿನ ಅರ್ಧಕ್ಕೆ ಬಟ್ಟೆ ಸುತ್ತಿ, ರಕ್ತದ ಕೈಯಲ್ಲೇ ಕಲ್ಲಾದ ಸುತ್ತುಗಳನ್ನು ಕೊಯ್ದು ತೆಗೆದ. ಚಕ್ರವನ್ನು ಕೈಯಿಂದ ತಿರುಗಿಸಿ ನೋಡಿ, ಮುಚ್ಚಳ ಬಿಗಿದು, ಕೀಲಿಯನ್ನು ಪಾಂಡುವಿಗೆ ಕೊಟ್ಟ. ಅಷ್ಟರಲ್ಲಿ ಶೇಖರಣ್ಣನ ಫೋನು.

"ಬಿಟ್ಟಿತಾ ಮಾರಾಯ? ಕತ್ತರಿಸಿದಿರಾ? ನಾನು ಮೊದಲೇ ಹೇಳಿದ್ದಲ್ವಾ. ಎಲ್ಲ ಬನ್ನಿ, ಊಟ ತರಿಸಿದ್ದೇನೆ."

"ಬೋಟು ಬರತೈತಿ, ಪಾಂಡು ಬರ್ತಾನ," ಅಂದ ಮಾಮು. "ನಾ ಬರಂಗಿಲ್ಲ. ಇಲ್ಲೆ ಒಂದ್ ಸಾಮಾನು ಕೆಳಗ ಬಿದ್ದೈತಿ."

ಪಾಂಡು ಬಿಡಿಸಿದ ಹಗ್ಗವನ್ನೂ ಡಬ್ಬಿಯನ್ನೂ ದಾಮೂಬಾನ ದೋಣಿಗೆ ಹಾಕಿ, ಲಂಗರು ಎತ್ತಿ, ಅಲೆ ಏಳದಂತೆ ಮೆಲ್ಲಗೆ ಬೋಟು ಬಿಟ್ಟುಕೊಂಡು ಹೋದ. ನಾವು ಮೂವರು ದಾಮೂಬಾನ ದೋಣಿಯಲ್ಲಿ ಉಳಿದೆವು. ಈಜು ಬಾರದ ಮಾಮು ಹುಟ್ಟು ಹಿಡಿದ. ದಾಮೂಬಾ ನಾಲ್ಕು ಕೊಕ್ಕೆಯ ಕಬ್ಬಿಣವೊಂದನ್ನು ನನ್ನ ಕೈಗೆ ಕೊಟ್ಟು ಎಸೆಯಲು ಸನ್ನೆ ಮಾಡಿದ.

ನೀರು ನಿಂತಿತ್ತು. ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಅಷ್ಟು ದೊಡ್ಡ ಸಮುದ್ರ ಉಸಿರು ಹಿಡಿದು ಯಾವುದೋ ಮಾತು ನೆನಪಿಸಿಕೊಳ್ಳುತ್ತಿರುವಂತೆ. ಕೊಕ್ಕೆ ಎಸೆಯುವುದು, ತಳ ಮುಟ್ಟುವವರೆಗೆ ಬಿಡುವುದು, ಕೆಸರಿನ ಮೇಲೆ ಮೆಲ್ಲಗೆ ಎಳೆಯುವುದು. ಮೊದಲ ಸಲ ಒಂದು ಪ್ಲಾಸ್ಟಿಕ್ ಚೀಲ ಬಂತು. ಆಮೇಲೆ ಒಂದು ಹೆಂಗಸಿನ ಚಪ್ಪಲಿ, ಕುಂಕುಮದ ಗುರುತಿದ್ದ ತೆಂಗಿನಕಾಯಿ, ಛತ್ರಿಯ ಅಸ್ಥಿಪಂಜರ. ಬೇರೆ ದಿನವಾಗಿದ್ದರೆ ಒಂದೊಂದಕ್ಕೂ ಒಂದೊಂದು ಧ್ವನಿ ಕೊಡುತ್ತಿದ್ದೆ. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಉಪ್ಪುನೀರು ಅವುಗಳಲ್ಲಿ ಒಂದೊಂದಾಗಿ ಇಳಿದು ವಿಚಾರಿಸಿಕೊಂಡು ಬಂತು.

ಒಂದು ಸಲ ಏನೋ ಸಿಕ್ಕಿ ಭಾರವಾಯಿತು. ನಾನು ಎಳೆದು ಮೇಲೆ ತಂದೆ. ಹಗ್ಗವೇ. ದಾಮೂಬಾ ಎರಡು ಬೆರಳಲ್ಲಿ ಹಿಡಿದು ನೋಡಿ, "ಯೇ ದೂಸರೇ ಕಾ" ಎಂದು ನೀರಿಗೆ ಬಿಟ್ಟುಬಿಟ್ಟ. ಬೇರೆ ಯಾರದೋ ಹಗ್ಗ ಅದು. ನನಗೆ ಅಳು ಬರುವಂತಾಯಿತು.

"ಮಾಮು, ನೀರು ತಿರುಗೂದು ಯಾವಾಗ?"

"ಅತ್ತಾಗ ನೋಡು."

ದೂರದಲ್ಲಿ ಬೇರೆ ಬಲೆಗಳ ಡಬ್ಬಿಗಳು ಅಷ್ಟು ಹೊತ್ತು ನೇರ ನಿಂತಿದ್ದವು, ಈಗ ಒಂದೊಂದಾಗಿ ಆಚೆ ಕಡೆಗೆ ವಾಲುತ್ತಿದ್ದವು. ದಾಮೂಬಾ ದಂಡೆ ನೋಡಿ, ಮಾಮುವಿಗೆ ಒಂದು ಮಾರು ಎಡಕ್ಕೆ ಎಂದು ಕೈ ತೋರಿಸಿದ. ಮತ್ತೆ ಅರ್ಧ ಮಾರು ಹಿಂದಕ್ಕೆ. ಆಮೇಲೆ ನನ್ನ ಕೈಯಿಂದ ಕೊಕ್ಕೆ ತೆಗೆದುಕೊಳ್ಳುತ್ತಾನೆ ಅಂದುಕೊಂಡೆ. ತೆಗೆದುಕೊಳ್ಳಲಿಲ್ಲ. ಎಸೆ ಎಂದು ಗದ್ದ ಆಡಿಸಿದ.

ಎಸೆದೆ. ಇಳಿಯಿತು. ಎಳೆದೆ. ಕೆಸರು, ಕೆಸರು, ಆಮೇಲೆ ಒಂದು ಮೆತ್ತನೆಯ ತಡೆ. ನಿದ್ದೆಯಲ್ಲಿರುವವರ ಹೊದಿಕೆ ಎಳೆದರೆ ಅವರು ಹಿಡಿದುಕೊಳ್ಳುತ್ತಾರಲ್ಲ, ಅಷ್ಟೇ ಮೆತ್ತಗೆ. ಉಸಿರು ಬಿಡದೆ ಎಳೆದೆ. ಹಸಿರು ಹಗ್ಗ ಮೇಲೆ ಬಂತು, ತುದಿಯಲ್ಲಿ ಹಲ್ಲಿನ ಚಾಕು ಕಚ್ಚಿದ ಗುರುತು. ದಾಮೂಬಾ ಬೆರಳಿಟ್ಟು ನೋಡಿದ. ಎರಡು ಸುತ್ತು ದೋಣಿಗೆ ಬಿಗಿದ. ಮಾಮು ಹುಟ್ಟು ಬಿಟ್ಟು ಆಕಾಶದ ಕಡೆ ನೋಡಿ ಏನೋ ಗೊಣಗಿದ.

ಮೂವರೂ ಸೇರಿ ಬಲೆ ಎತ್ತಿದೆವು. ಒಂದು ಮೂಲೆ ಹರಿದಿತ್ತು, ಅಂಗೈಯಷ್ಟು ಅಗಲ. ದಾಮೂಬಾ ಅದನ್ನು ಮೂಗಿನ ಹತ್ತಿರ ಹಿಡಿದು ನೋಡಿ, ಒಂದು ಸಂಜೆಯ ಕೆಲಸ ಎಂಬಂತೆ ಬದಿಗೆ ಸರಿಸಿದ. ಉಳಿದದ್ದರಲ್ಲಿ ಬೊಂಬಿಲು ಮೀನು, ಸಣ್ಣ ಸಿಗಡಿ, ಒಂದು ಸಿಟ್ಟಿನ ಏಡಿ. ಏಡಿ ನೇರ ನನ್ನ ಕಡೆಗೇ ಬಂತು. ಅದಕ್ಕೂ ವಿಷಯ ಗೊತ್ತಾಗಿತ್ತು.

ಮೀನು ಬುಟ್ಟಿಗೆ ಸುರಿದು, ಬಲೆ ಮತ್ತೆ ಇಳಿಸುವ ಮುನ್ನ, ಅವನು ಬೋಟಿನ ಹೊಟ್ಟೆಯಿಂದ ಬಿಡಿಸಿದ ಹಗ್ಗದಲ್ಲಿ ಒಳ್ಳೆಯ ಭಾಗ ಆರಿಸಿಕೊಂಡ. ಅದರ ತುದಿ, ಬಲೆಯ ಹಗ್ಗದ ತುದಿ, ಎರಡರ ಎಳೆಯನ್ನೂ ಬಿಚ್ಚಿ, ಒಂದರೊಳಗೊಂದು ತೂರಿಸಿ ಹೆಣೆದ. ಮುಗಿದ ಮೇಲೆ ನನ್ನ ಬೊಬ್ಬೆಯ ಕೈ ಎಳೆದುಕೊಂಡು ಅಂಗೈಯನ್ನು ಹಗ್ಗದ ಮೇಲೆ ಜಾರಿಸಿದ. ನುಣ್ಣಗೆ, ನುಣ್ಣಗೆ, ಆಮೇಲೆ ಕೂಡಿಸಿದ ಜಾಗದಲ್ಲಿ ಉಬ್ಬು. ಕೈ ತಡೆಯಿತು.

"ಇಧರ್ ಹಾಥ್ ಅಟಕೇಗಾ," ಅಂದ. "ರೋಜ್. ದೋ ಬಾರ್."

"ದಿನಕ್ಕೆರಡು ಸಲ ಇಲ್ಲೆ ಕೈ ತಡೀತೈತಿ, ದಿನಕ್ಕೆರಡು ಸಲ ಬೈಗುಳ ಗ್ಯಾರಂಟಿ ನಿನಗ," ಅಂದ ಮಾಮು. ಅಷ್ಟು ಹೊತ್ತಿನ ಮೇಲೆ ಅವನ ಮುಖದಲ್ಲಿ ಚೂರು ನಗು.

"ನಾಮ್ ಕ್ಯಾ ತೇರಾ?" ದಾಮೂಬಾ ನನ್ನ ಹೆಸರು ಕೇಳಿದ.

"ಜಾವೀದ."

ಅವನು ಅದನ್ನು ಬಾಯಲ್ಲಿ ಒಮ್ಮೆ ಹೊರಳಿಸಿ ನೋಡಿದ. ಹೊಸ ಬೈಗುಳ ಕಲಿಯುವವರು ಹಾಗೆ ಮಾಡುತ್ತಾರೆ. ಆಮೇಲೆ ಬಲೆ ಇಳಿಸಿದ. ಇಳಿಯುವ ನೀರು ಅದನ್ನು ಹಿಡಿದುಕೊಂಡಿತು. ಹಗ್ಗ ಅವನ ಅಂಗೈಯೊಳಗಿಂದ ಸರಸರನೆ ಓಡಿತು. ಕೂಡಿಸಿದ ಉಬ್ಬಿನಲ್ಲಿ ಕೈ ತಡೆಯಿತು.

"ಜಾವೀದ," ಅಂದ ದಾಮೂಬಾ, ಹಗ್ಗ ಬಿಟ್ಟ.